ಬೇಳೆಯಷ್ಟು ಹಣಕ್ಕೆ ಬೆಳಕು ಹಿಡಿಯುವ ಕೆಲಸ

ಕಂಠೀರಾಯ ಹಣವನ್ನು ಮೊದಲ ಸಲ ನೋಡುವವರಿಗೆ ಅದು ನಾಣ್ಯವೆಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತದೆ. 1638ರಿಂದ 1659ರವರೆಗೆ ಮೈಸೂರನ್ನು ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ ಹೆಸರು ಹೊತ್ತ ಈ ಚಿನ್ನದ ನಾಣ್ಯ ತೊಗರಿಬೇಳೆಗಿಂತ ಹೆಚ್ಚೇನೂ ದೊಡ್ಡದಲ್ಲ. ತೂಕ ಒಂದು ಗ್ರಾಮಿನ ಮೂರನೆಯ ಒಂದು ಭಾಗದ ಆಸುಪಾಸು. ಅಷ್ಟು ಚಿಕ್ಕ ಬಿಲ್ಲೆಯ ಒಂದು ಮೈಮೇಲೆ ನರಸಿಂಹನಿದ್ದಾನೆ, ಇನ್ನೊಂದು ಮೈಮೇಲೆ ಅರಸನ ಹೆಸರಿನ ನಾಗರಿ ಬರಹವಿದೆ. ನಾವು ಇಂದು ದಿನಕ್ಕೆ ನೂರು ಸಲ ಆಡುವ ‘ಹಣ’ ಎಂಬ ಮಾತು ಒಂದು ಕಾಲಕ್ಕೆ ಇಂಥ ಒಂದು ನಿರ್ದಿಷ್ಟ ನಾಣ್ಯದ ಹೆಸರಾಗಿತ್ತು. ‘ಕಾಸು’, ‘ದುಡ್ಡು’ ಎಂಬವೂ ಹಾಗೆಯೇ ನಾಣ್ಯಗಳ ಹೆಸರುಗಳಾಗಿದ್ದು ಆಮೇಲೆ ಸಂಪತ್ತಿಗೆಲ್ಲ ಹರಡಿಕೊಂಡವು. ಈ ಬೇಳೆಯಷ್ಟು ಲೋಹದ ಮೇಲಿರುವುದನ್ನೆಲ್ಲ, ಅದನ್ನು ಎಂದೂ ಕೈಯಲ್ಲಿ ಹಿಡಿಯಲಾರದ ಸಂಶೋಧಕರೊಬ್ಬರು ಸಾವಿರ ಮೈಲಿ ದೂರದಲ್ಲಿ ಕುಳಿತು ಓದುವಂತೆ ಮಾಡುವುದು ವಸ್ತುಸಂಗ್ರಹಾಲಯದ ನಾಣ್ಯ ವಿಭಾಗಕ್ಕೆ ಚಿತ್ರ ತೆಗೆಯುವವರ ಕೆಲಸ.

ಕೋಲಾರದ ಕ್ಲಾಕ್ ಟವರ್ ಬಳಿಯ ಸ್ಟುಡಿಯೋದಲ್ಲಿ ಹಲವು ವರ್ಷ ಮದುವೆ, ನಾಮಕರಣಗಳ ಚಿತ್ರ ತೆಗೆದ ಮೇಲೆ ನಾನು ಈ ಕೆಲಸಕ್ಕೆ ಬಂದೆ. ಮದುವೆಯ ಛಾಯಾಗ್ರಾಹಕ ವಧುವಿನ ಕಾಸಿನ ಸರ ಹೊಳೆಯಲೆಂದು ಬೆಳಕು ಕೊಡುತ್ತಾನೆ. ನಾಣ್ಯದ ಛಾಯಾಗ್ರಾಹಕನಿಗೆ ಹೊಳಪೇ ಮೊದಲ ಅಡ್ಡಿ, ಏಕೆಂದರೆ ಹೊಳೆದ ಜಾಗದಲ್ಲಿ ಅಕ್ಷರ ಕಾಣುವುದಿಲ್ಲ. ಹಳೆಯ ಅಭ್ಯಾಸವನ್ನು ಮರೆಯಲು ನನಗೆ ಹೊಸದನ್ನು ಕಲಿಯುವುದಕ್ಕಿಂತ ಹೆಚ್ಚು ದಿನ ಹಿಡಿಯಿತು.

ಎಲ್ಲಕ್ಕಿಂತ ಮೊದಲು ಬೆಳಕಿನ ದಿಕ್ಕನ್ನು ಅರ್ಥ ಮಾಡಿಕೊಳ್ಳಬೇಕು. ಸೂರ್ಯನ ಬೆಳಕು ಮೇಲಿನಿಂದ ಬರುತ್ತದೆಂಬುದು ನಮ್ಮ ಕಣ್ಣಿಗೂ ಮಿದುಳಿಗೂ ರೂಢಿಯಾಗಿಬಿಟ್ಟಿದೆ. ಆದ್ದರಿಂದ ಚಿತ್ರದಲ್ಲಿ ಒಂದು ಆಕೃತಿಯ ಮೇಲಂಚು ಬೆಳ್ಳಗಿದ್ದು ಕೆಳಗಂಚಿನಲ್ಲಿ ನೆರಳಿದ್ದರೆ ಅದು ಉಬ್ಬಿದೆ ಎಂದುಕೊಳ್ಳುತ್ತೇವೆ. ಮೇಲಂಚಿನಲ್ಲಿ ನೆರಳಿದ್ದು ಕೆಳಗಂಚು ಬೆಳ್ಳಗಿದ್ದರೆ ತಗ್ಗಿದೆ ಎಂದುಕೊಳ್ಳುತ್ತೇವೆ. ಉಬ್ಬಿದ ಆನೆಯೊಂದಕ್ಕೆ ಕೆಳಗಿನಿಂದ ಬೆಳಕು ಕೊಟ್ಟು ಚಿತ್ರ ತೆಗೆದರೆ ನೋಡುವವರಿಗೆ ಆ ಆನೆ ಲೋಹದೊಳಕ್ಕೆ ಕೊರೆದಂತೆ ಕಾಣುತ್ತದೆ. ಚಿತ್ರವನ್ನು ತಲೆಕೆಳಗು ಮಾಡಿ ಹಿಡಿದರೆ ಅದೇ ಆನೆ ಉಬ್ಬಿಕೊಳ್ಳುತ್ತದೆ. ಟಿಪ್ಪುವಿನ ಕಾಲದ ತಾಮ್ರದ ಪೈಸೆಯ ಮೇಲೆ ಆನೆಯಿದೆ. ಅಂಥ ಪೈಸೆಯೊಂದನ್ನು ಟಾರ್ಚ್ ಬೆಳಕಿನ ಕೆಳಗೆ ಸುಮ್ಮನೆ ತಿರುಗಿಸುತ್ತ ಮೊಬೈಲ್ ಪರದೆಯಲ್ಲಿ ನೋಡಿದರೆ ಈ ಆಟ ಯಾರಿಗಾದರೂ ಕಾಣುತ್ತದೆ. ಈ ಕಾರಣಕ್ಕಾಗಿ ನಾಣ್ಯವನ್ನು ಗಡಿಯಾರದ ಮುಖವೆಂದು ಭಾವಿಸಿ, ಮುಖ್ಯ ಬೆಳಕನ್ನು 10 ಮತ್ತು 12 ಗಂಟೆಯ ನಡುವೆ ಎಲ್ಲೋ ಇಡುವುದು ರೂಢಿ.

ದಿಕ್ಕನ್ನು ಒಮ್ಮೆ ಗೊತ್ತು ಮಾಡಿದ ಮೇಲೆ ಇಡೀ ಸಂಗ್ರಹಕ್ಕೆ ಅದನ್ನೇ ಉಳಿಸಿಕೊಳ್ಳಬೇಕು. ಹಳೆಯ ಟಂಕಸಾಲೆಗಳಲ್ಲಿ ಬಿಸಿಮಾಡಿದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಹೊಡೆತ ಹೆಚ್ಚಿದಂತೆ ಅಚ್ಚು ಸವೆಯುತ್ತದೆ, ಬಿರುಕು ಬಿಡುತ್ತದೆ, ಆ ಬಿರುಕು ಕೂದಲೆಳೆಯಂಥ ಉಬ್ಬುಗೆರೆಯಾಗಿ ಮುಂದಿನ ನಾಣ್ಯಗಳಲ್ಲೆಲ್ಲ ಮೂಡುತ್ತದೆ. ಎರಡು ಬೇರೆ ಊರುಗಳಲ್ಲಿ ಸಿಕ್ಕ ನಾಣ್ಯಗಳು ಒಂದೇ ಅಚ್ಚಿನಿಂದ ಬಂದವೇ ಎಂಬುದನ್ನು ನಾಣ್ಯಶಾಸ್ತ್ರಜ್ಞರು ಇಂಥ ಗೆರೆಗಳನ್ನು ಹೋಲಿಸಿ ನಿರ್ಧರಿಸುತ್ತಾರೆ. ಒಂದು ಚಿತ್ರದಲ್ಲಿ ಬೆಳಕು ಎಡದಿಂದ, ಇನ್ನೊಂದರಲ್ಲಿ ಬಲದಿಂದ ಬಂದಿದ್ದರೆ ಒಂದೇ ಅಚ್ಚಿನ ಎರಡು ನಾಣ್ಯಗಳು ಬೇರೆ ಬೇರೆಯಾಗಿ ಕಾಣುತ್ತವೆ. ಹಿಂದಿನವರು ಈ ತೊಡಕನ್ನು ತಪ್ಪಿಸಿಕೊಳ್ಳಲು ನಾಣ್ಯದ ಬದಲು ಅದರ ಪ್ಲಾಸ್ಟರ್ ಅಚ್ಚನ್ನೇ ಚಿತ್ರಿಸುತ್ತಿದ್ದರು; ಹಳೆಯ ನಾಣ್ಯಸೂಚಿಗಳ ಚಿತ್ರಪುಟಗಳಲ್ಲಿ ಚಿನ್ನ, ಬೆಳ್ಳಿ, ತಾಮ್ರಗಳೆಲ್ಲ ಒಂದೇ ಸುಣ್ಣದ ಬಣ್ಣದಲ್ಲಿರುವುದು ಅದಕ್ಕಾಗಿಯೇ. ಲೋಹದ ಬಣ್ಣ ಕಳೆದುಹೋದರೂ ಆ ಚಿತ್ರಗಳಲ್ಲಿ ಬರಹ ಸ್ಪಷ್ಟವಾಗಿದೆ, ಮತ್ತು ಅಂದವಾದ ಬಣ್ಣದ ಎಷ್ಟೋ ಇಂದಿನ ಚಿತ್ರಗಳಿಗಿಂತ ಅವು ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಬೆಳಕಿನ ಎತ್ತರದ ಪ್ರಶ್ನೆ ದಿಕ್ಕಿನಷ್ಟು ಸರಳವಲ್ಲ. ಬೆಳಕು ಮೇಲಿದ್ದಷ್ಟೂ ನೆರಳು ಕುಗ್ಗಿ ಲೋಹದ ಬಣ್ಣ ಚೆನ್ನಾಗಿ ಕಾಣುತ್ತದೆ. ಮೇಜಿನ ಮಟ್ಟಕ್ಕೆ ಇಳಿದಷ್ಟೂ ನೆರಳು ಉದ್ದವಾಗಿ ಸವೆದುಹೋದ ಅಕ್ಷರ ಕೂಡ ಮೇಲೇಳುತ್ತದೆ. ನೂರಾರು ಕೈ ದಾಟಿ ನುಣುಪಾದ ತಾಮ್ರದ ಕಾಸಿಗೆ ನೆಲಕ್ಕೆ ಹತ್ತಿರದ ಓರೆ ಬೆಳಕು ಬೇಕು. ಆದರೆ ಅದೇ ಓರೆ ಬೆಳಕನ್ನು ಹೊಸತರಂತಿರುವ ಬೆಳ್ಳಿಯ ರೂಪಾಯಿಗೆ ಕೊಟ್ಟರೆ ಸಣ್ಣ ಗೀರುಗಳೂ ಕಾಲುವೆಗಳಂತೆ ಕಂಡು ನಾಣ್ಯದ ಸ್ಥಿತಿಯ ಬಗ್ಗೆ ಸುಳ್ಳು ಹೇಳಿದಂತಾಗುತ್ತದೆ. ಸಂಗ್ರಹಕಾರರಿಗಾಗಿ ಕನ್ನಡಿಯಂತೆ ಮೆರುಗು ಕೊಟ್ಟು ತಯಾರಿಸುವ ಪ್ರೂಫ್ ನಾಣ್ಯಗಳಿಗೆ ಈ ಎರಡೂ ನಡೆಯುವುದಿಲ್ಲ. ಅವುಗಳ ಬಯಲು ಭಾಗ ಎದುರಿಗಿರುವ ಕಪ್ಪು ಕ್ಯಾಮೆರಾವನ್ನೇ ಪ್ರತಿಬಿಂಬಿಸಿ ಕಪ್ಪಾಗುತ್ತದೆ. ಅಲ್ಲಿ ನಾಣ್ಯಕ್ಕೂ ಮಸೂರಕ್ಕೂ ನಡುವೆ ಒಂದು ತೆಳು ಗಾಜನ್ನು 45 ಡಿಗ್ರಿ ಓರೆಯಾಗಿ ಹಿಡಿದು, ಪಕ್ಕದಿಂದ ಬಂದ ಬೆಳಕನ್ನು ಆ ಗಾಜಿನಿಂದ ನೇರ ಕೆಳಕ್ಕೆ ಬೀಳಿಸುತ್ತೇವೆ. ಬೆಳಕು ಬಂದ ದಾರಿಯಲ್ಲೇ ಮೇಲಕ್ಕೆ ಮರಳಿ ಗಾಜಿನ ಮೂಲಕ ಹಾದು ಕ್ಯಾಮೆರಾ ಸೇರುತ್ತದೆ. ಉಪಕರಣದ ಅಂಗಡಿಯಲ್ಲಿ ದುಬಾರಿಯಾಗುವ ಈ ಸಾಧನವನ್ನು ನಾನು ಫೋಟೋಗೆ ಕಟ್ಟು ಹಾಕುವವರ ಬಳಿ ಕೊಂಡ ಗಾಜಿನ ತುಂಡಿನಿಂದಲೇ ಮಾಡಿಕೊಂಡಿದ್ದೇನೆ.

ಹೈದರಾಲಿಯ ಬಹದ್ದೂರಿ ವರಹ ಈ ಎಲ್ಲ ಕಷ್ಟಗಳನ್ನೂ ಒಟ್ಟಿಗೆ ತಂದಿಡುವ ನಾಣ್ಯ. ಹೈದರನು ಹುಟ್ಟಿದ್ದು ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ ಎಂಬುದು ಪ್ರತೀತಿ. ಅವನ ತಂದೆ ಫತ್ ಮಹಮ್ಮದನ ಸಮಾಧಿ ಕೋಲಾರದಲ್ಲಿದೆ. 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಹೈದರನು ಹೊರಡಿಸಿದ ವರಹದ ಒಂದು ಮೈಯಲ್ಲಿ, ವಿಜಯನಗರದ ಕಾಲದಿಂದ ಜನರು ಕಂಡು ನಂಬಿದ್ದ ಶಿವ ಪಾರ್ವತಿಯರ ಜೋಡಿ ಹಾಗೆಯೇ ಮುಂದುವರಿದಿದೆ; ಇನ್ನೊಂದು ಮೈಯಲ್ಲಿ ಚುಕ್ಕಿಗಳ ಹಾಸಿನ ನಡುವೆ ಅವನ ಹೆಸರಿನ ಮೊದಲ ಪಾರಸಿ ಅಕ್ಷರವೊಂದೇ ಇದೆ. ಶಿವ ಪಾರ್ವತಿಯರ ಆಕೃತಿಗಳು ದುಂಡಗೆ ಎತ್ತರಕ್ಕೆ ಉಬ್ಬಿರುವುದರಿಂದ ಮೆತ್ತನೆಯ ಬೆಳಕು ಬೇಕು. ಹಿಮ್ಮುಖದ ಚುಕ್ಕಿಗಳಿಗೆ ಗಡುಸಾದ ಓರೆ ಬೆಳಕು ಬೇಕು. ಜೊತೆಗೆ ಚಿನ್ನ. ಚಿನ್ನದ ಹಳದಿಯಲ್ಲಿ ಕೆಂಪಿನ ಪಾಲು ಹೆಚ್ಚಿರುವುದರಿಂದ, ಒಟ್ಟು ಚಿತ್ರ ಸರಿಯಾಗಿದೆಯೆಂದು ಕ್ಯಾಮೆರಾ ಹೇಳುತ್ತಿರುವಾಗಲೇ ಕೆಂಪು ಮಾತ್ರ ತುಂಬಿ ತುಳುಕಿ ವಿವರವೆಲ್ಲ ಅಳಿಸಿಹೋಗಿರುತ್ತದೆ. ಆದ್ದರಿಂದ ಚಿನ್ನವನ್ನು ಸ್ವಲ್ಪ ಕತ್ತಲೆಯ ಕಡೆಗೇ ತೆಗೆದು, ಕ್ಯಾಮೆರಾ ತೋರಿಸುವ ಕೆಂಪು, ಹಸಿರು, ನೀಲಿ ಎಂಬ ಬಣ್ಣದ ಮೂರು ಪಾಲುಗಳ ನಕ್ಷೆಗಳನ್ನು ಬೇರೆ ಬೇರೆಯಾಗಿ ನೋಡಿಕೊಳ್ಳಬೇಕು.

ಇನ್ನು ಹತ್ತಿರದ ಚಿತ್ರಣದ ಲೆಕ್ಕ. ಹತ್ತಿರದ ಚಿತ್ರಕ್ಕೆಂದೇ ಇರುವ ಮ್ಯಾಕ್ರೋ ಮಸೂರ ವಸ್ತುವನ್ನು ಅದರ ನಿಜ ಗಾತ್ರದಲ್ಲೇ ಸಂವೇದಕದ ಮೇಲೆ, ಅಂದರೆ ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಫಲಕದ ಮೇಲೆ, ಮೂಡಿಸುತ್ತದೆ. ದೊಡ್ಡ ಸಂವೇದಕದ ಅಳತೆ 36 ಮತ್ತು 24 ಮಿಲಿಮೀಟರ್. ಬ್ರಿಟಿಷರ ಕಾಲದ ಬೆಳ್ಳಿಯ ರೂಪಾಯಿ ಸುಮಾರು 30 ಮಿಲಿಮೀಟರ್ ಅಗಲವಿರುವುದರಿಂದ ನಿಜ ಗಾತ್ರದಲ್ಲಿ ಪೂರ್ತಿ ಹಿಡಿಸುವುದೇ ಇಲ್ಲ. ಕಂಠೀರಾಯ ಹಣವಾದರೋ ಚೌಕಟ್ಟಿನ ಎತ್ತರದ ಕಾಲುಭಾಗವನ್ನಷ್ಟೇ ತುಂಬುತ್ತದೆ. ಹಣವನ್ನು ಮೂರು ಪಟ್ಟು ಹಿಗ್ಗಿಸಬೇಕಾದರೆ ಮಸೂರಕ್ಕೂ ಕ್ಯಾಮೆರಾಕ್ಕೂ ನಡುವೆ ಟೊಳ್ಳು ಕೊಳವೆ ಅಥವಾ ತಿದಿಯಂತೆ ಹಿಗ್ಗುವ ಬೆಲ್ಲೋಸ್ ಸೇರಿಸಿ ದೂರ ಹೆಚ್ಚಿಸಬೇಕು. ಹಾಗೆ ಹಿಗ್ಗಿಸಿದಷ್ಟೂ ಸ್ಫುಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ: ನಿಜ ಗಾತ್ರದಲ್ಲಿ, ಮಸೂರದೊಳಗೆ ಬೆಳಕು ಹಾಯುವ ರಂಧ್ರವನ್ನು 8ಕ್ಕೆ ಇಟ್ಟರೂ (ಅಂಕಿ ದೊಡ್ಡದಾದಷ್ಟೂ ರಂಧ್ರ ಕಿರಿದು), ಆ ಆಳ ಒಂದು ಮಿಲಿಮೀಟರಿಗಿಂತ ಕಡಿಮೆ. ರಂಧ್ರವನ್ನು ಇನ್ನೂ ಕಿರಿದು ಮಾಡಿದರೆ ಆಯಿತಲ್ಲ ಎಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಹಿಗ್ಗಿಸುವಿಕೆ ರಂಧ್ರದ ಮೇಲೂ ಪರಿಣಾಮ ಬೀರುತ್ತದೆ. ಮಸೂರದ ಮೇಲೆ 11 ಎಂದಿದ್ದರೂ ನಿಜ ಗಾತ್ರದಲ್ಲಿ ಅದು 22ರಂತೆ ವರ್ತಿಸುತ್ತದೆ, ಮತ್ತು ಅಷ್ಟು ಕಿರಿದಾದ ರಂಧ್ರದ ಅಂಚಿನಲ್ಲಿ ಬೆಳಕು ಬಾಗಿ ಹರಡಿಕೊಂಡು ಇಡೀ ಚಿತ್ರ ಮಂಕಾಗುತ್ತದೆ. ದಪ್ಪ ನಾಣ್ಯಗಳಿಗೆ ದಾರಿಯೆಂದರೆ, ರಂಧ್ರವನ್ನು ಮಧ್ಯಮ ಅಳತೆಯಲ್ಲೇ ಇಟ್ಟು, ಸ್ಫುಟ ಬಿಂದುವನ್ನು ಕೂದಲಷ್ಟು ಕೂದಲಷ್ಟಾಗಿ ಕೆಳಗಿಳಿಸುತ್ತ ಹತ್ತಾರು ಚಿತ್ರ ತೆಗೆದು, ತಂತ್ರಾಂಶದಲ್ಲಿ ಅವುಗಳ ಸ್ಫುಟ ಭಾಗಗಳನ್ನು ಒಂದಾಗಿಸುವುದು.

ಆಳ ಇಷ್ಟು ಕಡಿಮೆಯಿರುವಾಗ ಕ್ಯಾಮೆರಾ ನಾಣ್ಯಕ್ಕೆ ಸರಿಯಾಗಿ ಲಂಬವಾಗಿರಬೇಕು. 30 ಮಿಲಿಮೀಟರಿನ ರೂಪಾಯಿ ಕೇವಲ 2 ಡಿಗ್ರಿ ಓರೆಯಾದರೆ ಅದರ ಒಂದು ಅಂಚು ಇನ್ನೊಂದಕ್ಕಿಂತ ಒಂದು ಮಿಲಿಮೀಟರ್ ಕೆಳಗಿರುತ್ತದೆ, ಅಂದರೆ ಅರ್ಧ ನಾಣ್ಯ ಮಸುಕು. ಗಾರೆಯವರ ರಸಮಟ್ಟ ಇಲ್ಲಿ ಸಾಲದು. ನಾಣ್ಯವಿಡುವ ಜಾಗದಲ್ಲಿ ಒಂದು ಸಣ್ಣ ಕನ್ನಡಿಯನ್ನು ಅಂಗಾತ ಇಟ್ಟು ಕ್ಯಾಮೆರಾದಲ್ಲಿ ನೋಡಿದರೆ ಮಸೂರದ ಪ್ರತಿಬಿಂಬವೇ ಕಾಣುತ್ತದೆ. ಆ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಬರುವವರೆಗೆ ಕ್ಯಾಮೆರಾವನ್ನು ಸರಿಪಡಿಸಿದರೆ ಮುಗಿಯಿತು. ನಾನು ಕಲಿತ ಉಪಾಯಗಳಲ್ಲಿ ಇದಕ್ಕಿಂತ ಅಗ್ಗದ್ದೂ ಇಷ್ಟು ಖಚಿತವಾದದ್ದೂ ಇನ್ನೊಂದಿಲ್ಲ. ನನ್ನ ಸ್ಟುಡಿಯೋದಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಹೊರಗೆ ಲಾರಿ ಹೋದರೆ ಸ್ಟ್ಯಾಂಡಿನ ಕಂಬ ನಡುಗಿ ಚಿತ್ರ ಕೆಡುತ್ತಿತ್ತು. ಕ್ಯಾಮೆರಾದ ಗುಂಡಿಯನ್ನು ಬೆರಳಿನಿಂದ ಒತ್ತದೆ ರಿಮೋಟಿನಿಂದ ಒತ್ತುವುದು, ಕ್ಷಣಮಾತ್ರ ಹೊತ್ತುವ ಫ್ಲಾಶ್ ಬಳಸುವುದು, ಸಾಧ್ಯವಾದರೆ ರಾತ್ರಿ ಹತ್ತರ ಮೇಲೆ ಕೆಲಸ ಮಾಡುವುದು ನಾನು ಕಂಡುಕೊಂಡ ಪರಿಹಾರಗಳು.

ಚಿತ್ರ ತೆಗೆಯುವ ಮುನ್ನ ನಾಣ್ಯವನ್ನು ತೊಳೆಯಬೇಕೇ ಎಂದು ಬಹಳ ಜನ ಕೇಳುತ್ತಾರೆ. ತೊಳೆಯಬಾರದು. ನಮ್ಮ ಕಡೆ ತಾಮ್ರದ ಚೊಂಬನ್ನು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜುವುದು ಮನೆಮನೆಯ ಪದ್ಧತಿ. ಅದೇ ಕೈ ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಕಾಸಿನ ಮೇಲೂ ಓಡಾಡಿಬಿಟ್ಟರೆ ಶತಮಾನಗಳಲ್ಲಿ ಕಟ್ಟಿದ ಕಂದು ಪದರ ಒಂದೇ ನಿಮಿಷದಲ್ಲಿ ಕರಗಿಹೋಗುತ್ತದೆ. ಆ ಪದರ ಲೋಹಕ್ಕೆ ರಕ್ಷೆ, ಸಂಶೋಧಕರಿಗೆ ಸಾಕ್ಷ್ಯ. ಹುಣಸೆಯ ಹುಳಿ ಕೆಳಗಿನ ಹಸಿ ತಾಮ್ರವನ್ನು ಹೊರತೆಗೆಯುತ್ತದೆ, ಉಳಿದುಕೊಂಡ ಉಪ್ಪು ಮುಂದೆ ತೇವಾಂಶ ಸಿಕ್ಕಾಗ ತಿಳಿಹಸಿರು ಪುಡಿಯಾಗಿ ನಾಣ್ಯವನ್ನು ತಿನ್ನತೊಡಗುತ್ತದೆ. ಲಕ್ಷ್ಮೀಪೂಜೆಯಲ್ಲಿ ಇಟ್ಟ ನಾಣ್ಯಗಳ ತಗ್ಗುಗಳಲ್ಲಿ ಅರಿಶಿನ ಕುಂಕುಮ ಕಟ್ಟಿಕೊಂಡಿರುವುದುಂಟು. ಅದನ್ನೂ ಹಾಗೆಯೇ ಚಿತ್ರಿಸುತ್ತೇವೆ, ಏಕೆಂದರೆ ನಾಣ್ಯ ಸಂತೆಯಲ್ಲಿ ಮಾತ್ರವಲ್ಲ, ದೇವರ ಮುಂದೆಯೂ ಬದುಕಿತ್ತು ಎಂಬುದಕ್ಕೆ ಅದು ಗುರುತು. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನ ಮುಂದೆ ನೆಲದೊಳಕ್ಕೆ ಇಳಿದಿರುವ ಹುಂಡಿಗೆ ಜನರು ತಲೆತಲಾಂತರದಿಂದ ಕಾಣಿಕೆ ಹಾಕುತ್ತ ಬಂದಿದ್ದಾರೆ, ಅದನ್ನು ಎಂದೂ ತೆರೆದಿಲ್ಲ ಎನ್ನುತ್ತಾರೆ. ಆ ಬಾಯಿಯ ಮುಂದೆ ನಿಂತಾಗಲೆಲ್ಲ ಒಳಗೆ ಯಾವ ಯಾವ ಅರಸರ ಕಾಸುಗಳು ಎಷ್ಟು ಹಸಿರಾಗಿ ಮಲಗಿರಬಹುದೆಂಬ ವೃತ್ತಿಯ ದುರಾಸೆ ನನಗೆ ಬಂದೇ ಬರುತ್ತದೆ.

ನಾಣ್ಯವನ್ನು ಅಂಚಿನಿಂದ ಮಾತ್ರ ಹಿಡಿಯಬೇಕು. ಬೆವರಿನ ಉಪ್ಪು ತಾಮ್ರದ ಮೇಲೆ ಬೆರಳಚ್ಚನ್ನು ಶಾಶ್ವತವಾಗಿ ಬರೆದುಬಿಡುತ್ತದೆ. ಮೇಜಿನ ಮೇಲೆ ಮೆತ್ತನೆಯ ಹಾಸು ಇರಬೇಕು. ನಾಣ್ಯವನ್ನು ಹಿನ್ನೆಲೆಗೆ ಅಂಟಿಸಿದಂತೆ ಇಡದೆ, ಅದಕ್ಕಿಂತ ಕಿರಿದಾದ ಒಂದು ಸಣ್ಣ ಕಂಬದ ಮೇಲೆ ಎತ್ತಿ ಇಟ್ಟರೆ ಅದರ ನೆರಳು ದೂರ ಬಿದ್ದು ಅಂಚು ಸ್ಪಷ್ಟವಾಗುತ್ತದೆ. ಸರಕ್ಕೆ ಪೋಣಿಸಲು ತೂತು ಕೊರೆದ ನಾಣ್ಯಗಳಲ್ಲಿ ಆ ತೂತಿನ ಮೂಲಕ ಹಿನ್ನೆಲೆ ಕಾಣುವಂತಿರಬೇಕು, ಕೊಂಡಿ ಬೆಸೆದ ಗುರುತಿದ್ದರೆ ಅದಕ್ಕೊಂದು ಪ್ರತ್ಯೇಕ ಚಿತ್ರ ಬೇಕು. ಪ್ರತಿ ಚಿತ್ರದಲ್ಲೂ ಮಿಲಿಮೀಟರಿನ ಅಳತೆಪಟ್ಟಿ, ಪ್ರತಿ ದಿನದ ಮೊದಲ ಚಿತ್ರದಲ್ಲಿ ಬೂದು ಮತ್ತು ಬಣ್ಣಗಳ ಮಾದರಿ ಹಲಗೆ.

ನಾನು ಮಾಡಿದ ಅತಿ ದೊಡ್ಡ ತಪ್ಪು ಬೆಳಕಿಗೂ ಮಸೂರಕ್ಕೂ ಸಂಬಂಧಿಸಿದ್ದಲ್ಲ. ಆರಂಭದಲ್ಲಿ ವೇಗ ಹೆಚ್ಚಿಸಲೆಂದು ಒಂದು ತಟ್ಟೆಯ ಅಷ್ಟೂ ಹಣಗಳ ಮುಮ್ಮುಖಗಳನ್ನು ಸಾಲಾಗಿ ತೆಗೆದು, ಆಮೇಲೆ ಎಲ್ಲವನ್ನೂ ಮಗುಚಿ ಹಿಮ್ಮುಖಗಳನ್ನು ತೆಗೆದೆ. ನಡುವೆ ಒಂದು ನಾಣ್ಯ ಜಾರಿ, ಎತ್ತಿಟ್ಟಾಗ ಸಾಲು ಒಂದು ಸ್ಥಾನ ಪಲ್ಲಟವಾಯಿತು. ಅಲ್ಲಿಂದ ಮುಂದೆ ಪ್ರತಿ ನಾಣ್ಯಕ್ಕೂ ಪಕ್ಕದ ನಾಣ್ಯದ ಬೆನ್ನು ಅಂಟಿಕೊಂಡಿತು. ಎಲ್ಲವೂ ಒಂದೇ ಬಗೆಯವಾದ್ದರಿಂದ ನನಗೆ ತಿಳಿಯಲೇ ಇಲ್ಲ; ಎರಡು ವಾರಗಳ ಬಳಿಕ ಸಂಗ್ರಹದ ಅಧಿಕಾರಿ ಅಂಚಿನ ಆಕಾರಗಳು ಹೊಂದುತ್ತಿಲ್ಲವೆಂದು ತೋರಿಸಿದರು. ಈಗ ಒಂದು ನಾಣ್ಯದ ಎರಡೂ ಮೈ ಮುಗಿಯದೆ ಮುಂದಿನ ಲಕೋಟೆಯನ್ನು ತೆರೆಯುವುದಿಲ್ಲ. ಮಗುಚುವಾಗ ಇನ್ನೊಂದನ್ನೂ ಗಮನಿಸಬೇಕು: ಕೈಯಿಂದ ಹೊಡೆದ ನಾಣ್ಯಗಳಲ್ಲಿ ಎರಡು ಮೈಗಳ ‘ಮೇಲು’ ಒಂದೇ ಕಡೆ ಇರಬೇಕೆಂದಿಲ್ಲ. ಮುಮ್ಮುಖವನ್ನು ನೆಟ್ಟಗೆ ಹಿಡಿದಾಗ ಹಿಮ್ಮುಖದ ಮೇಲ್ಭಾಗ ಯಾವ ದಿಕ್ಕಿಗಿದೆ ಎಂಬುದನ್ನು ಗಡಿಯಾರದ ಗಂಟೆಯಾಗಿ ಬರೆದುಕೊಂಡು, ಆಮೇಲೆ ಓದಲು ಅನುಕೂಲವಾಗುವಂತೆ ತಿರುಗಿಸಿ ಚಿತ್ರ ತೆಗೆಯಬೇಕು. ಬರೆದುಕೊಳ್ಳದೆ ತಿರುಗಿಸಿದರೆ ಆ ಮಾಹಿತಿ ಚಿತ್ರದಲ್ಲಿ ಎಲ್ಲಿಯೂ ಉಳಿಯುವುದಿಲ್ಲ.

ಕೆಲವು ನಾಣ್ಯಗಳಿಗೆ ಇಡೀ ಚಿತ್ರಕ್ಕಿಂತ ಒಂದು ಮೂಲೆಯ ಚಿತ್ರವೇ ಮುಖ್ಯ. 1911ರ ಐದನೆಯ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲೊಂದು ಪುಟ್ಟ ಆನೆಯಿದೆ. ಅದರ ಸೊಂಡಿಲು ಮೊಟಕಾಗಿದ್ದುದರಿಂದ ಅದು ಹಂದಿಯಂತೆ ಕಂಡು ಆಕ್ಷೇಪ ಎದ್ದಿತು. ಸರ್ಕಾರ ನಾಣ್ಯವನ್ನು ಹಿಂತೆಗೆದುಕೊಂಡು 1912ರಲ್ಲಿ ಸೊಂಡಿಲು ತಿದ್ದಿದ ಅಚ್ಚು ತಂದಿತು. ಇವೆರಡರ ವ್ಯತ್ಯಾಸ ತೋರಿಸಬೇಕಾದರೆ ಆ ಆನೆಯೊಂದನ್ನೇ ಒಂದೇ ಕೋನದ ಬೆಳಕಿನಲ್ಲಿ ಎರಡೂ ನಾಣ್ಯಗಳಿಂದ ಹಿಗ್ಗಿಸಿ ತೆಗೆಯಬೇಕು. ನೆರಳು ತುಸು ಉದ್ದವಾದರೂ ಹಂದಿಗೆ ಸೊಂಡಿಲು ಬಂದುಬಿಡುತ್ತದೆ.

ನೋಟುಗಳ ಲೋಕ ಇದಕ್ಕಿಂತ ತೀರ ಬೇರೆ. ಕಾಗದ ಚಪ್ಪಟೆಯಾದ್ದರಿಂದ ಸುಲಭವೆಂದು ತೋರಿದರೂ ಅದಕ್ಕೆ ಬೆಳಕೇ ಶತ್ರು. ಪ್ರದರ್ಶನದಲ್ಲಿ ಕಾಗದದ ವಸ್ತುಗಳಿಗೆ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಮೀರದ ಮಂದ ಬೆಳಕನ್ನು ಇಡುವ ರೂಢಿಯಿರುವುದು ಅದಕ್ಕಾಗಿಯೇ. ಆದ್ದರಿಂದ ಅಳತೆ, ಸ್ಫುಟತೆಗಳನ್ನೆಲ್ಲ ಅದೇ ಗಾತ್ರದ ಬಿಳಿ ಹಾಳೆಯ ಮೇಲೆ ಸರಿಪಡಿಸಿಕೊಂಡು, ಕೊನೆಯ ಗಳಿಗೆಯಲ್ಲಿ ನೋಟನ್ನು ಇಡುತ್ತೇವೆ. 1861ರ ಕಾಗದದ ಹಣದ ಕಾಯ್ದೆಯ ನಂತರ ಸರ್ಕಾರ ಹೊರಡಿಸಿದ ಆರಂಭದ ನೋಟುಗಳು ಒಂದೇ ಬದಿಯಲ್ಲಿ ಮುದ್ರಿತವಾದವು. ಹಿಂಬದಿ ಖಾಲಿಯೆಂದು ಬಿಟ್ಟರೆ ಕೈ ಬದಲಾಯಿಸಿದವರ ಸಹಿ, ಮೊಹರುಗಳು ತಪ್ಪಿಹೋಗುತ್ತವೆ. ಅಂಚೆಯಲ್ಲಿ ಕಳವಾಗದಿರಲೆಂದು ನೋಟನ್ನು ನಡುವೆ ಕತ್ತರಿಸಿ, ಮೊದಲರ್ಧ ತಲುಪಿದ ಸುದ್ದಿ ಬಂದ ಮೇಲೆ ಎರಡನೆಯದನ್ನು ಕಳಿಸುವ ಪದ್ಧತಿ ಆಗ ಇತ್ತು. ಹಾಗೆ ಕತ್ತರಿಸಿ ಮತ್ತೆ ಜೋಡಿಸಿದ ಗೆರೆಯನ್ನು ಓರೆ ಬೆಳಕಿನಲ್ಲಿ ಬೇರೆಯಾಗಿ ದಾಖಲಿಸುತ್ತೇವೆ.

ಇಂದಿನ ನೋಟುಗಳಿಗೆ ಒಂದೇ ಚಿತ್ರ ಎಂದೂ ಸಾಲದು. ಹಂಪಿಯ ಕಲ್ಲಿನ ರಥವಿರುವ, 2017ರಲ್ಲಿ ಬಂದ 50 ರೂಪಾಯಿಯ ನೋಟನ್ನು ತೆಗೆದುಕೊಳ್ಳೋಣ. ನೇರ ಬೆಳಕಿನಲ್ಲಿ ಬಣ್ಣ ಮತ್ತು ಭಾಷಾ ಫಲಕ, ಹಿಂದಿನಿಂದ ಹಾಯಿಸಿದ ಬೆಳಕಿನಲ್ಲಿ ಗಾಂಧೀಜಿಯ ನೀರುಗುರುತು ಮತ್ತು ಭದ್ರತಾ ಎಳೆ, ನೇರಳಾತೀತ ಬೆಳಕಿನಲ್ಲಿ ಹೊಳೆಯುವ ನಾರುಗಳು, ಹೀಗೆ ಒಂದೊಂದು ಬೆಳಕಿಗೆ ಒಂದೊಂದು ವಿವರ ಕಾಣುತ್ತದೆ. 500ರ ನೋಟಿನಲ್ಲಾದರೆ ಓರೆ ಮಾಡಿದಾಗ ಹಸಿರಿನಿಂದ ನೀಲಿಗೆ ತಿರುಗುವ ಎಳೆಗಾಗಿ ಎರಡು ಕೋನಗಳ ಎರಡು ಚಿತ್ರಗಳು ಬೇಕು. ಪಾಲಿಯೆಸ್ಟರ್ ಚೀಲದೊಳಗಿನ ನೋಟಿನ ಮೇಲೆ ಬೀಳುವ ಪ್ರತಿಫಲನವನ್ನು, ದೀಪಕ್ಕೂ ಮಸೂರಕ್ಕೂ ಪರಸ್ಪರ ಅಡ್ಡವಾಗಿ ಧ್ರುವೀಕರಿಸುವ ಫಿಲ್ಟರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರ್) ಹಾಕಿ ಬಹುಮಟ್ಟಿಗೆ ತೆಗೆಯಬಹುದು. ಆದರೆ ಅದು ಪ್ರತಿಫಲನದ ಜೊತೆಗೆ ಬಣ್ಣ ಬದಲಿಸುವ ಶಾಯಿಯ ಗುಣವನ್ನೂ ನುಂಗಿಹಾಕುವುದರಿಂದ ಅಂಥ ಚಿತ್ರವೊಂದನ್ನೇ ನಂಬುವಂತಿಲ್ಲ.

ನೋಟಿನ ಚಿತ್ರಕ್ಕೆ ಕಾನೂನಿನ ಬೇಲಿಯೂ ಇದೆ. ನೋಟನ್ನು ಹೋಲುವ ದಾಖಲೆ ತಯಾರಿಸುವುದು ಹಿಂದೆ ಭಾರತೀಯ ದಂಡ ಸಂಹಿತೆಯ 489ಇ ಕಲಮಿನಡಿ ಅಪರಾಧವಾಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 182ನೆಯ ಕಲಮಿನಡಿ ಅಪರಾಧವಾಗಿದೆ. ಚಿತ್ರ ತಿದ್ದುವ ಕೆಲವು ತಂತ್ರಾಂಶಗಳು ನೋಟಿನ ಚಿತ್ರವನ್ನು ಗುರುತಿಸಿ ತೆರೆಯಲು ನಿರಾಕರಿಸುತ್ತವೆ. ಆದ್ದರಿಂದ ಚಲಾವಣೆಯಲ್ಲಿರುವ ನೋಟುಗಳ ಪೂರ್ಣ ಸ್ಫುಟತೆಯ ಕಡತಗಳು ಸಂಗ್ರಹಾಲಯದ ಒಳಗೇ ಉಳಿಯಬೇಕು. ಸಾರ್ವಜನಿಕರಿಗೆ ಕೊಡುವ ಪ್ರತಿ ಚಿಕ್ಕದಾಗಿರಬೇಕು, ಅಡ್ಡಲಾಗಿ ‘ಮಾದರಿ’ ಎಂದು ಬರೆದಿದ್ದರೆ ಇನ್ನೂ ಲೇಸು.

ಕಡತಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಯಾಮೆರಾದ ಕಚ್ಚಾ ಕಡತ ಮತ್ತು ಅದರಿಂದ ತೆಗೆದ ಟಿಫ್ ಪ್ರತಿ ಶಾಶ್ವತ ದಾಖಲೆ, ಜೆಪೆಗ್ ದಿನಬಳಕೆಗೆ; ಕಡತದ ಹೆಸರು ವಸ್ತುವಿನ ದಾಖಲಾತಿ ಸಂಖ್ಯೆಯೇ ಆಗಿರಬೇಕು; ಒಂದು ಪ್ರತಿ ಬೇರೆ ಕಟ್ಟಡದಲ್ಲಿರಬೇಕು. 1972ರ ಪುರಾವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಅಂಥದೊಂದು ಕಳವಾಗಿ ಮತ್ತೆಲ್ಲೋ ಸಿಕ್ಕರೆ ಇದು ನಮ್ಮದೇ ಎಂದು ತೋರಿಸಲು ಅಂಚಿನ ಆಕಾರ, ಗೀರುಗಳು, ತೂಕ ಇವಿಷ್ಟೇ ಆಧಾರ. ಹಾಗಾಗಿ ಎರಡು ಮೈಗಳ ಜೊತೆಗೆ ನಾಣ್ಯದ ಅಂಚನ್ನೂ ನಿಲ್ಲಿಸಿ ತೆಗೆಯಬೇಕೆಂದು ನಾನು ಹಟ ಹಿಡಿಯುತ್ತೇನೆ, ಸಮಯ ಒಂದೂವರೆ ಪಟ್ಟಾದರೂ ಸರಿ.

ಸಂಜೆ ಕೆಲಸ ಮುಗಿದ ಮೇಲೆ ಪ್ರತಿ ನಾಣ್ಯವನ್ನೂ ಬೆಳಗ್ಗೆ ತೂಗಿದ ಅದೇ ತಕ್ಕಡಿಯಲ್ಲಿ ಮತ್ತೆ ತೂಗುತ್ತಾರೆ. ಅಧಿಕಾರಿ ಪುಸ್ತಕದ ಅಂಕಿಯನ್ನು ಗಟ್ಟಿಯಾಗಿ ಓದುತ್ತಾರೆ, ನಾನು ತಕ್ಕಡಿಯ ಅಂಕಿಯನ್ನು ಓದುತ್ತೇನೆ; ಎರಡೂ ಒಂದೇ ಆದರೆ ಹಣ ತನ್ನ ಲಕೋಟೆಗೆ ಮರಳುತ್ತದೆ, ಇಬ್ಬರ ಸಹಿ ಬೀಳುತ್ತದೆ, ನಾನು ಕೋಲಾರದ ಬಸ್ಸು ಹಿಡಿಯುತ್ತೇನೆ.